ಎಂಬಿಎ ಮುಗಿದ ತಕ್ಷಣ ಸರ್ಚ್ ಫಂಡಾ, ಇಲ್ಲ ನಾಕು ವರ್ಷ ಬಿಟ್ಟಾ? ನಾನು ಮಾಡಿದ 6 ವಾರದ ಕೋರ್ಸ್ ಬಗ್ಗೆ

ಅಮೆರಿಕದಲ್ಲಿ ಎಂಬಿಎ ಎರಡನೇ ವರ್ಷದಲ್ಲಿದ್ದಾಗ 900 ಡಾಲರ್ ಕಟ್ಟಿ ಸರ್ಚ್ ಫಂಡ್ ಬಗ್ಗೆ ಇರೋ ಈ ಆನ್‌ಲೈನ್ ಕೋರ್ಸಿಗೆ ಸೇರಿದ್ದೆ, ಶನಿವಾರ ಬೆಳಿಗ್ಗೆ ಎರಡೆರಡು ಗಂಟೆ. ಹೆಸರು ಇಲ್ಲಿ ಹಾಕ್ತಿಲ್ಲ, ಆದ್ರೆ ಇಂಥ ಕೋರ್ಸ್ ಹುಡುಕ್ತಿರೋರಿಗೆ ಏನು ಕೇಳಿ ಸೇರ್ಬೇಕು ಅಂತ ಗೊತ್ತಾಗ್ಲಿ ಅಂತ ಬರೀತಿದೀನಿ.

ಸರ್ಚ್ ಫಂಡ್ ಅಂದ್ರೆ ಹೊಸ ಕಂಪನಿ ಕಟ್ಟೋದಲ್ಲ. ಹತ್ತು ಹದಿನೈದು ಇನ್ವೆಸ್ಟರ್‌ಗಳ ಹತ್ರ ದುಡ್ಡೆತ್ತಿ, ಅದರಲ್ಲೇ ಸಂಬಳ ತಗೊಂಡು ಎರಡು ವರ್ಷ ಹುಡುಕಿ, ರಿಟೈರ್ ಆಗೋಕೆ ಹೊರಟಿರೋ ಓನರ್ ಹತ್ರ ಚೆನ್ನಾಗಿ ಓಡ್ತಿರೋ ಸಣ್ಣ ಕಂಪನೀನ ಕೊಂಡ್ಕೊಂಡು ನಾವೇ ಸಿಇಒ ಆಗೋದು. 1984ರಿಂದ ಇದೆ, ಇರ್ವಿಂಗ್ ಗ್ರೌಸ್‌ಬೆಕ್ ಅನ್ನೋ ಪ್ರೊಫೆಸರ್ ಐಡಿಯಾ. ಸ್ಟ್ಯಾನ್‌ಫೋರ್ಡ್ ಯೂನಿವರ್ಸಿಟಿಯೋರು ಎರಡು ವರ್ಷಕ್ಕೊಂದ್ಸಲ ಲೆಕ್ಕ ಬಿಡ್ತಾರೆ, ಅದರ ಪ್ರಕಾರ ಹುಡುಕೋಕೆ ಹೊರಟವರಲ್ಲಿ ಹೆಚ್ಚುಕಮ್ಮಿ ಮೂರರಲ್ಲೊಬ್ರು ಏನೂ ಕೊಳ್ಳದೇ ಮುಗಿಸ್ತಾರೆ.

ನನಗೆ ದುಡ್ಡು ವಸೂಲಾಗಿದ್ದು ಮೂರನೇ ಕ್ಲಾಸಲ್ಲಿ. ಹೀಗೇ ಎರಡು ವರ್ಷ ಹುಡುಕಿ ಏನೂ ಸಿಗದೇ ವಾಪಸ್ ಕೆಲಸಕ್ಕೆ ಸೇರಿದೋರೊಬ್ರನ್ನ ಕರೆಸಿದ್ರು, ಅವರು ಎಷ್ಟು ಓನರ್‌ಗಳಿಗೆ ಫೋನ್ ಮಾಡಿದ್ರು, ಡೀಲ್ ಕೊನೇ ವಾರದಲ್ಲಿ ಹೇಗೆ ಮುರಿದುಬಿತ್ತು, ಮನೇಲಿ ಏನಾಯ್ತು ಅಂತ ಒಂದೂ ಮುಚ್ಚಿಡದೇ ಹೇಳಿದ್ರು. ಆಮೇಲೆ ಒಂದು ಎಕ್ಸೆಲ್ ಶೀಟ್ ಕೊಟ್ರು: ಎರಡು ವರ್ಷ ಹುಡುಕಾಟ, ಆಮೇಲೆ ಐದಾರು ವರ್ಷ ಕಂಪನಿ ನಡೆಸೋದು, ಪಕ್ಕದಲ್ಲೇ ಎಜುಕೇಶನ್ ಲೋನ್, ಮಗು, ಅಪ್ಪ ಅಮ್ಮನ ವಯಸ್ಸು. ಒಬ್ರೇ ಹುಡುಕಿದ್ರೆ ಕಂಪನೀಲಿ ನಮಗೆ ಸಿಗೋ ಪಾಲು ಸಾಮಾನ್ಯವಾಗಿ ಹೆಚ್ಚಂದ್ರೆ 25%, ಅದೂ ಮೂರು ಕಂತಲ್ಲಿ, ಕೊಂಡಾಗ ಒಂದು, ವರ್ಷಗಟ್ಟಲೆ ನಿಂತ್ರೆ ಒಂದು, ಇನ್ವೆಸ್ಟರ್‌ಗೆ ಒಳ್ಳೇ ರಿಟರ್ನ್ ಬಂದ್ರೆ ಇನ್ನೊಂದು. ಅಂದ್ರೆ 30ಕ್ಕೆ ಶುರು ಮಾಡಿದ್ರೆ ದುಡ್ಡು ಕಣ್ಣಿಗೆ ಕಾಣೋಷ್ಟೊತ್ತಿಗೆ 38. ನಾನೂ ನನ್ನ ಹೆಂಡ್ತೀನೂ ಆ ರಾತ್ರಿ ಒಂದು ಗಂಟೆವರೆಗೂ ಕೂತು ಅದನ್ನ ತುಂಬಿದ್ವಿ, ಮದುವೆಯಾದ್ಮೇಲೆ ಅಷ್ಟು ಬಿಚ್ಚಿ ದುಡ್ಡಿನ ಮಾತಾಡಿದ್ದು ಅವತ್ತೇ ಮೊದಲು.

ಊರಲ್ಲಿ ಅಪ್ಪಂಗೂ ಹೇಳ್ದೆ. ಅವರು ತಿಪಟೂರಲ್ಲಿ ಬೇರೆಯವರ ಕೊಬ್ಬರಿ ಮಂಡಿ ತಗೊಂಡು ನಡೆಸಿದೋರು. "ತಗೊಂಡ ದಿನದಿಂದ್ಲೇ ಹಮಾಲರು ಕೂಲಿಗೆ ನಿನ್ನ ಮುಂದೆ ನಿಲ್ತಾರೆ ಕಣೋ, ಯಾರಿಗಾದ್ರೂ ಕೆಲಸ ಹೇಳಿ ಮಾಡಿಸಿದೀಯಾ ನೀನು?" ಅಂದ್ರು. ಎಂಬಿಎಗೆ ಮುಂಚೆ ಐದು ವರ್ಷ ಕನ್ಸಲ್ಟಿಂಗ್ ಮಾಡಿದ್ದೆ, ನನ್ನ ಕೈಕೆಳಗೆ ಇದ್ದಿದ್ದು ಇಬ್ರು. ಕೋರ್ಸಲ್ಲಿ ಈ ಪ್ರಶ್ನೆ ಒಂದೇ ಒಂದ್ಸಲಾನೂ ಬರ್ಲಿಲ್ಲ, ಬರ್ಬೇಕಿತ್ತು.

ದೊಡ್ಡ ಬೇಜಾರು ಅಂದ್ರೆ ವೀಸಾ. ಕ್ಲಾಸಲ್ಲಿ ಕಾಲು ಭಾಗ ನಮ್ಮ ದೇಶದೋರೇ, ಆದ್ರೂ ಕೇಳಿದಾಗೆಲ್ಲ "ಲಾಯರ್‌ನ ಕೇಳಿ" ಅಂತ ಅಷ್ಟೇ. ಒಪಿಟಿ, ಅಂದ್ರೆ ಓದು ಮುಗಿದ್ಮೇಲೆ ಸ್ಟೂಡೆಂಟ್ ವೀಸಾದಲ್ಲೇ ಕೆಲಸ ಮಾಡೋಕೆ ಸಿಗೋ ಅನುಮತಿ, 12 ತಿಂಗಳು, ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಅಂತ ಗುರುತಿಸಿರೋ ಎಂಬಿಎ ಆದ್ರೆ ಇನ್ನೂ 24, ಆದ್ರೆ ಆ 24ಕ್ಕೆ ಇ-ವೆರಿಫೈ (ಕೆಲಸಗಾರರಿಗೆ ಅಲ್ಲಿ ಕೆಲಸ ಮಾಡೋ ಹಕ್ಕಿದೆಯಾ ಅಂತ ನೋಡೋ ಸರ್ಕಾರಿ ವ್ಯವಸ್ಥೆ) ಇರೋ, ಟ್ರೇನಿಂಗ್ ಕೊಡೋ ಎಂಪ್ಲಾಯರ್ ಬೇಕು, ನನಗೆ ನಾನೇ ಎಂಪ್ಲಾಯರ್ ಅಂತ ಸೈನ್ ಹಾಕೋ ಹಾಗಿಲ್ಲ. ಯಾವಾಗ ಶುರು ಮಾಡ್ಬೇಕು ಅನ್ನೋದನ್ನ ನಮ್ಮಂಥೋರಿಗೆ ತೀರ್ಮಾನ ಮಾಡೋದೇ ಇದು, ಇದನ್ನ ಬಿಟ್ಟು ಪಾಠ ಮಾಡಿದ್ದು ನನಗೆ ನಿಜವಾಗ್ಲೂ ನೋವಾಯ್ತು. ಇನ್ವೆಸ್ಟರ್‌ಗಳ ಬದಲು ಸ್ವಂತ ದುಡ್ಡಲ್ಲಿ ಹುಡುಕಿ ಬ್ಯಾಂಕ್ ಸಾಲದಲ್ಲಿ ಕೊಳ್ಳೋರಿಗೂ ಬರೀ ಅರ್ಧ ಕ್ಲಾಸು.

ಕೊನೆಗೆ ನಾನು ಈಗ್ಲೇ ಬೇಡ ಅಂತ ಮಾಡಿ ಒಂದು ಫ್ಯಾಕ್ಟರೀಲಿ ಆಪರೇಷನ್ಸ್ ಕೆಲಸಕ್ಕೆ ಸೇರ್ದೆ, 40 ಜನರ ಶಿಫ್ಟ್ ನೋಡ್ಕೊಳ್ತೀನಿ. 5ಕ್ಕೆ 3.5 ಕೊಡ್ತೀನಿ. ಸೇರೋದಾದ್ರೆ ಎರಡನೇ ವರ್ಷದ ಶುರೂಲೇ ಸೇರಿ, ಆಫರ್ ಲೆಟರ್ ಕೈಗೆ ಬಂದ್ಮೇಲೆ ಆ ಶೀಟ್ ತುಂಬೋಕೆ ಟೈಮೂ ಇರಲ್ಲ ಮನಸ್ಸೂ ಬರಲ್ಲ.