ಸೈನಿಕರ ಡ್ರೈವಿಂಗ್ ತರಬೇತಿ: ಬ್ರೇಕ್ ಪಾಠಕ್ಕೆ ಪೂರ್ತಿ ಅಂಕ

ಹೊಂಚುದಾಳಿಯಿಂದ ಗಾಡಿ ಸಮೇತ ಪಾರಾಗಿ ಬರೋದನ್ನು ಕಲಿಸುವ ಈ ಕೋರ್ಸ್ ನನಗೆ ತುಂಬಾ ಹಿಡಿಸಿತು. ಎಲ್ಲರೂ ಜೆ-ಟರ್ನ್ ಬಗ್ಗೆಯೇ ಮಾತಾಡ್ತಾರೆ, ಅಂದರೆ ರಿವರ್ಸ್‌ನಲ್ಲಿ ಜೋರಾಗಿ ಹೋಗಿ ಸ್ಟೇರಿಂಗ್ ಸರಕ್ಕನೆ ಎಳೆದು ಗಾಡಿಯನ್ನು 180 ಡಿಗ್ರಿ ತಿರುಗಿಸೋದು. ನೋಡೋಕೆ ಚೆಂದ, ನಿಜ. ಆದರೆ ಕೋರ್ಸಿನ ಜೀವಾಳ ಬ್ರೇಕ್ ಪಾಠ. ವೇಗ ಎರಡು ಪಟ್ಟಾದರೆ, ಬ್ರೇಕ್ ಹಾಕಿದ ಮೇಲೆ ನಿಲ್ಲುವ ದೂರ ಸುಮಾರು 4 ಪಟ್ಟಾಗುತ್ತದೆ. ಇದನ್ನು ಸುಮ್ನೆ ಬೋರ್ಡ್ ಮೇಲೆ ಬರೆದು ಬಿಡದೆ, ಕೋನ್ ಇಟ್ಟು ಮತ್ತೆ ಮತ್ತೆ ಮಾಡಿಸಿದರು. ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕೆಲಸ ಶುರು ಮಾಡಿ ಪೆಡಲ್ ಪಾದದಡಿ ಗಡಗಡ ಅಂದರೂ ಕಾಲು ತೆಗೆಯಬಾರದು. ಕಣ್ಣು ಅಡ್ಡ ಬಂದದ್ದರ ಮೇಲಲ್ಲ, ಪಕ್ಕದ ಖಾಲಿ ಜಾಗದ ಮೇಲಿರಬೇಕು. ಕಣ್ಣು ಹೋದ ಕಡೆಗೇ ಕೈ ಹೋಗುತ್ತೆ ಅಲ್ವಾ?

ಟ್ರಾಫಿಕ್‌ನಲ್ಲಿ ನಿಂತಾಗ ಮುಂದಿನ ಗಾಡಿಯ ಹಿಂಚಕ್ರ ನೆಲ ಮುಟ್ಟುವುದು ಕಾಣುವಷ್ಟು ಅಂತರ ಬಿಡಬೇಕು, ಆಗ ರಿವರ್ಸ್ ಹಾಕದೆ ಪಕ್ಕಕ್ಕೆ ನುಗ್ಗಬಹುದು. ದಾಳಿಯಾದ ಜಾಗದಲ್ಲಿ ನಿಲ್ಲದೆ ಹೊರಬೀಳಲು ಇದೂ ಒಂದು ದಾರಿ.

ಒಂದು ದೊಡ್ಡ ಕೊರತೆ: ಅಭ್ಯಾಸವೆಲ್ಲ ಹಗುರ ಕಾರಿನಲ್ಲಿ. ಕವಚದ ಗಾಡಿಯ ತೂಕ ಜಾಸ್ತಿ, ತಿರುವಿನಲ್ಲಿ ವಾಲುತ್ತದೆ, ನಿಲ್ಲೋಕೂ ಜಾಸ್ತಿ ದೂರ ಬೇಕು. ಸೈನಿಕರು ಓಡಿಸೋದು ಅದನ್ನೇ, ಹಾಗಾಗಿ ಕೊನೆಯ ಪಾಠಗಳನ್ನಾದರೂ ಅದರಲ್ಲೇ ಮಾಡಿಸಲಿ.