ಪೋಸ್ಟರ್‌ಗೆ ದಪ್ಪ ಸ್ಲ್ಯಾಬ್ ಸೆರಿಫ್: ಆಲ್ಫಾ ಸ್ಲ್ಯಾಬ್ ಒನ್, ರಾಕ್‌ವೆಲ್, ಬೆವನ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಮನಸ್ಸು ಆಲ್ಫಾ ಸ್ಲ್ಯಾಬ್ ಒನ್ ಕಡೆಗೇ ಇದೆ. ಒಂದು ನಾಟಕದ ಪೋಸ್ಟರ್‌ಗೆ ಹಳೇ ಅಚ್ಚುಮೊಳೆಯ ಕಳೆ ಇರುವ ದಪ್ಪ ಇಂಗ್ಲಿಷ್ ಸ್ಲ್ಯಾಬ್ ಸೆರಿಫ್ ಫಾಂಟ್ ಬೇಕಿತ್ತು, ಅಂದರೆ ಅಕ್ಷರದ ತುದಿಗಳಲ್ಲಿ ದಪ್ಪ ಅಡ್ಡಪಟ್ಟಿ ಇರುವಂಥದ್ದು. ಒಂದೇ ಹೆಸರನ್ನು ಮೂರು ಫಾಂಟ್‌ನಲ್ಲಿ ಜೋಡಿಸಿ, ಪೂರ್ತಿ ಅಳತೆಯಲ್ಲೇ ಪ್ರಿಂಟ್ ತೆಗೆದು, ಗೋಡೆಗೆ ಅಂಟಿಸಿ ಒಂದು ವಾರ ನೋಡಿದೆ.

ರಾಕ್‌ವೆಲ್ ಎಕ್ಸ್‌ಟ್ರಾ ಬೋಲ್ಡ್ ಗಟ್ಟಿಮುಟ್ಟಾಗಿದೆ. ಆದರೆ ರಾಕ್‌ವೆಲ್ 1934ರಲ್ಲಿ ಮೊನೊಟೈಪ್ ಕಂಪನಿ ತಂದ ಫಾಂಟ್ ಕುಟುಂಬ, ಅಂದರೆ ತೆಳು-ದಪ್ಪ ರೂಪಗಳೆಲ್ಲ ಇರುವ ಒಂದೇ ಶೈಲಿ. ಕೈವಾರ ಹಿಡಿದು ಬರೆದಂಥ ಅಕ್ಷರಗಳು. ಚೊಕ್ಕವಾಗಿವೆ, ಹಳೆಯದೆನಿಸುವುದಿಲ್ಲ. ಬೆವನ್ ನೋಡಲು ಚೆಂದ, ಅದರ ಮೂಲವೂ ಹೈನ್ರಿಖ್ ಯೋಸ್ಟ್ 1930ರ ದಶಕದಲ್ಲಿ ಮಾಡಿದ ಸ್ಲ್ಯಾಬ್. ಆಲ್ಫಾ ಇನ್ನೂ ನೂರು ವರ್ಷ ಹಿಂದಕ್ಕೆ, 1820ರ ದಶಕದ ಲಂಡನ್ನಿನ ಥೋರೋಗುಡ್ ಎಂಬ ಅಚ್ಚುಮೊಳೆ ಫೌಂಡ್ರಿಯ ‘ಈಜಿಪ್ಷಿಯನ್’ ಹೆಸರಿನ ಸ್ಲ್ಯಾಬ್ ಮೊಳೆಗೆ ಹೋಗುತ್ತದೆ. ಅದರ ಅಳತೆ ಸಿಕ್ಸ್ ಲೈನ್ ಪೈಕಾ, ಅಂದರೆ 72 ಪಾಯಿಂಟ್, ಹೆಚ್ಚುಕಡಿಮೆ ಒಂದು ಇಂಚಿನ ಮೊಳೆ. ದೂರದಿಂದ ಕಣ್ಣಿಗೆ ಬೀಳಲೆಂದೇ ಹುಟ್ಟಿದ್ದು. ಆ ಗತ್ತು ಗೋಡೆಯ ಮೇಲೆ ಕಾಣುತ್ತದೆ.

ಒಂದು ತೊಂದರೆ ಮಾತ್ರ ನನ್ನನ್ನು ತುಂಬಾ ಕಾಡಿತು. ಆಲ್ಫಾದ ಮೊದಲ ಪ್ರಿಂಟ್‌ನಲ್ಲಿ ಚಿಕ್ಕ ‘a’, ‘e’ ಅಕ್ಷರಗಳ ಹೊಟ್ಟೆಯೊಳಗಿನ ಬಿಳಿ ಜಾಗ ಮುಚ್ಚಿಹೋಗಿತ್ತು. ಶಾಯಿ ಜಾಸ್ತಿ ಆಯಿತೇನೋ ಅಂದುಕೊಂಡು ಎರಡು ಸಲ ಮತ್ತೆ ತೆಗೆಸಿದೆ. ಅದೇ ಕಥೆ.

ಕಾರಣ ಶಾಯಿ ಅಲ್ಲ, ಬೋಲ್ಡ್ ಬಟನ್. ಆಲ್ಫಾ ಸ್ಲ್ಯಾಬ್ ಒನ್‌ಗೆ ಇರುವುದು ಒಂದೇ ತೂಕ, ಅಂದರೆ ಗೆರೆಯ ದಪ್ಪ ಒಂದೇ ಬಗೆ. ಅದೇ ಸಾಕಷ್ಟು ದಪ್ಪ. ಅದರ ಮೇಲೆ ಬೋಲ್ಡ್ ಒತ್ತಿದರೆ ಸಾಫ್ಟ್‌ವೇರ್ ತಾನೇ ಅಂಚಿಗೆ ಇನ್ನಷ್ಟು ದಪ್ಪ ಬಳಿಯುತ್ತದೆ. ವೆಬ್ ಪುಟದಲ್ಲಂತೂ ಬಟನ್ ಒತ್ತುವುದೇ ಬೇಡ. ಹೆಡ್ಡಿಂಗ್ ತಾನಾಗಿಯೇ ಬೋಲ್ಡ್ ಆಗಿರುತ್ತದೆ ಅಲ್ವಾ, ಬ್ರೌಸರ್ ಸುಮ್ನೆ ಊದಿಸಿಬಿಡುತ್ತದೆ. ವೆಬ್ ಪುಟದ ರೂಪ ನಿರ್ಧರಿಸುವ ಸಿಎಸ್‌ಎಸ್ ಕೋಡ್‌ನಲ್ಲಿ ‘ಫಾಂಟ್-ವೇಟ್’ 400, ಅಂದರೆ ಮಾಮೂಲಿ ತೂಕ, ಎಂದು ಬರೆದ ಮೇಲೆ ಅಕ್ಷರ ಉಸಿರಾಡಿತು. ಬೆವನ್‌ಗೂ ಇದೇ ಎಚ್ಚರ ಬೇಕು, ಅದರಲ್ಲೂ ತೂಕ ಒಂದೇ. ಈ ವಿಷಯದಲ್ಲಿ ರಾಕ್‌ವೆಲ್ ಗೆಲ್ಲುತ್ತದೆ. ಅದರ ಬೋಲ್ಡ್ ಬೇರೆಯಾಗಿಯೇ ಬರೆದದ್ದು, ಊದಿಸಿದ್ದಲ್ಲ.

ದುಡ್ಡಿನ ಮಾತು ಚಿಕ್ಕದು. ಆಲ್ಫಾ, ಬೆವನ್ ಎರಡೂ ಓಪನ್ ಫಾಂಟ್ ಲೈಸೆನ್ಸ್‌ನಲ್ಲಿವೆ. ಪ್ರಿಂಟ್‌ಗೂ ವೆಬ್‌ಗೂ ಖರ್ಚಿಲ್ಲ. ರಾಕ್‌ವೆಲ್ ಅನ್ನು ವೆಬ್‌ನಲ್ಲಿ ಹಾಕಲು ಲೈಸೆನ್ಸ್ ಕೊಳ್ಳಬೇಕು.

ನಾನು ಜೋಡಿಸುವುದು ಎರಡು ಮೂರು ಪದ, ಅದೂ 60 ಪಾಯಿಂಟ್‌ಗಿಂತ ದೊಡ್ಡದಾಗಿ. ಈ ಕೆಲಸಕ್ಕೆ ಆಲ್ಫಾ ಬಿಟ್ಟು ಬೇರೆ ನನಗೆ ಬೇಡ. ಶೀರ್ಷಿಕೆ, ಉಪಶೀರ್ಷಿಕೆ, ವಿವರ ಎಲ್ಲ ಒಂದೇ ಕುಟುಂಬದಲ್ಲಿ ಬೇಕೆನ್ನುವವರು ರಾಕ್‌ವೆಲ್‌ಗೆ ದುಡ್ಡು ಕೊಡಲಿ, ನಷ್ಟವಿಲ್ಲ. ಆಲ್ಫಾವನ್ನು ಮಾತ್ರ ನಾನು 24 ಪಾಯಿಂಟ್‌ಗಿಂತ ಕೆಳಗೆ ಇಳಿಸುವುದಿಲ್ಲ. ದಿನಾಂಕ, ಸಮಯ, ಜಾಗಕ್ಕೆಲ್ಲ ತುದಿಪಟ್ಟಿ ಇಲ್ಲದ, ತೆಳುವಾದ ಸ್ಯಾನ್ಸ್ ಸೆರಿಫ್ ಹಾಕುತ್ತೇನೆ.