ಚಳಿಗಾಲದಲ್ಲೂ ಫ್ಲೈಯಿಂಗ್ ನಡೆಯುತ್ತೆ ಅಂದ್ರೆ ನಂಬಬೇಡಿ

ಹೇಳಿಕೊಳ್ಳೋಕೇ ನಾಚಿಕೆ. ಆದರೆ ಮೊನ್ನೆ ಮೈಸೂರಲ್ಲಿ, ನನ್ನನ್ನು ಪೈಲಟ್ ತರಬೇತಿಗೆ ಕೆನಡಾಕ್ಕೆ ಕಳಿಸಿದ ಅದೇ ಕನ್ಸಲ್ಟೆನ್ಸಿ ಮೆಟ್ಟಿಲ ಮೇಲೆ ಮಂಡ್ಯ ಕಡೆಯ ಹುಡುಗನೊಬ್ಬ ಅಪ್ಪನ ಜೊತೆ ಫೈಲ್ ಹಿಡಿದು ನಿಂತಿದ್ದ. ಅದಕ್ಕೇ ಬರೆಯುತ್ತಿದ್ದೇನೆ.

ಕಮರ್ಷಿಯಲ್ ಲೈಸೆನ್ಸ್‌ಗೆ ನಮ್ಮ ದೇಶದ ವಿಮಾನಯಾನ ನಿಯಂತ್ರಕ ಡಿಜಿಸಿಎ ಕೇಳೋದು 200 ಗಂಟೆ ಹಾರಾಟ. ಕೆನಡಾದಲ್ಲಿ ಹತ್ತೇ ತಿಂಗಳು ಅಂದರು ಕನ್ಸಲ್ಟೆನ್ಸಿಯವರು. ನಮ್ಮಪ್ಪ ಕೇಳಿದ್ದರು, "ಅಲ್ಲಿ ಹಿಮ ಬೀಳ್ತದಂತಲ್ಲ ಸಾ, ಇಮಾನ ಹೆಂಗ್ ಇಳಿಸ್ತಾರೆ?" ಅಂತ. "ಅದೇ ಪ್ಲಸ್ ಪಾಯಿಂಟ್ ಸರ್, ಎಕ್ಸ್‌ಪೀರಿಯನ್ಸ್ ಸಿಗುತ್ತೆ" ಅಂದ ಆ ಮನುಷ್ಯ. ಮೈಸೂರಿನ ಮಂಡಕಳ್ಳಿ ಬಿಟ್ಟು ಬೇರೆ ರನ್‌ವೇ ನೋಡಿದ್ದನೋ ಇಲ್ವೋ! ನಾನೂ ತಲೆಯಾಡಿಸಿದೆ.

ಜನವರಿ. ನನ್ನದು ಸೋಲೋ, ಅಂದ್ರೆ ವಿಮಾನದಲ್ಲಿ ನಾನೊಬ್ಬನೇ. ರನ್‌ವೇ ಬ್ರೇಕ್ ಹಿಡಿಯುತ್ತಾ ಅಂತ ಹೇಳೋಕೆ ಕೋಡ್ ಇರುತ್ತೆ, ಒಣಗಿದ್ದರೆ 6, ಹಿಡಿಯೋದೇ ಇಲ್ಲ ಅಂದ್ರೆ 0. ಅವತ್ತಿನ ರಿಪೋರ್ಟ್ ಬೆಳಿಗ್ಗೆ ಆರರದ್ದು. ನಾನು ಇಳಿದದ್ದು ಹತ್ತಕ್ಕೆ. ನಡುವೆ ಮತ್ತೆ ಹಿಮ ಬಿದ್ದಿತ್ತು. ಇನ್‌ಸ್ಟ್ರಕ್ಟರ್ ಹೀಟರ್ ಪಕ್ಕ ಕೂತೇ "ಹೋಗು, ಏನಾಗಲ್ಲ" ಅಂದಿದ್ದ.

ಎಲ್ಲಾ ಬಿಳಿ. ನೆಲ ಎಷ್ಟು ಕೆಳಗಿದೆ ಅನ್ನೋದೇ ಗೊತ್ತಾಗಲ್ಲ. ವಿಮಾನ ಧಡ್ ಅಂತ ಕೂತಿತು. ಬ್ರೇಕ್ ತುಳಿದೆ. ಏನೂ ಇಲ್ಲ. ಇನ್ನೂ ಜೋರಾಗಿ ತುಳಿದೆ. ಏನೂ ಇಲ್ಲ! ಕೆಸರು ಬದುವಿನ ಮೇಲೆ ಸೈಕಲ್ ಜಾರಿದ ಹಾಗೆ ಜಾರಿತು. ಅಂಚಿಗೆ ತಳ್ಳಿದ್ದ ಹಿಮದ ಗುಡ್ಡೆಗೆ ಎಡಗಾಲಿ ಸಿಕ್ಕಿ, ಮೂಗು ಒಳಗೆ ಹೋಯಿತು. ಪ್ರೊಪೆಲ್ಲರ್ ತುದಿ ಊಟ ಮುಗಿದ ಬಾಳೆಲೆ ಥರ ಮಡಚಿತ್ತು. ನನಗೇನೂ ಆಗಲಿಲ್ಲ.

ಆಮೇಲೆ ಇನ್‌ಸ್ಟ್ರಕ್ಟರ್ ಹೇಳ್ತಾನೆ, "ಹಿಮದಲ್ಲಿ ಬ್ರೇಕ್ ನೆಚ್ಚಬಾರದು, ಯೋಕ್, ಅಂದ್ರೆ ಕೈಯಲ್ಲಿರೋ ಸ್ಟೀರಿಂಗ್, ಹಿಂದಕ್ಕೆಳೆದು ಬಾಲದಲ್ಲಿರೋ ರಡ್ಡರ್‌ನಲ್ಲೇ ನೇರ ಇಟ್ಕೊಂಡು ತಾನಾಗಿ ನಿಧಾನ ಆಗೋಕೆ ಬಿಡಬೇಕು" ಅಂತ. ಆಮೇಲೆ! ಮೊದಲೇ ಹೇಳೋಕೆ ಏನಾಗಿತ್ತು?

ಪ್ರೊಪೆಲ್ಲರ್ ಬಡಿದರೆ ಇಂಜಿನ್ ಬಿಚ್ಚಿ ನೋಡಲೇಬೇಕು. ಇನ್ಶೂರೆನ್ಸ್‌ನಲ್ಲಿ ಮೊದಲ 5,000 ಡಾಲರ್ ನನ್ನ ತಲೆಗೆ. "ಅಗ್ರಿಮೆಂಟ್‌ಗೆ ಸೈನ್ ಹಾಕಿದ್ದೀಯಲ್ಲ" ಅಂದರು ಫ್ಲೈಯಿಂಗ್ ಸ್ಕೂಲಿನವರು. ಹಾಕಿದ್ದೆ, ಓದದೇ.

ಮೈಸೂರಿಗೆ ಫೋನ್ ಮಾಡಿದರೆ ಎರಡು ದಿನ ಎತ್ತಲಿಲ್ಲ. ಮೂರನೇ ದಿನ, "ಪೈಲಟ್ ಆಗೋರಿಗೆ ಧೈರ್ಯ ಬೇಕಲ್ವಾ ಬ್ರದರ್?" ಬ್ರದರ್ ಅಂತೆ. ಹಣ ಕಟ್ಟಿಸ್ಕೊಳ್ಳುವಾಗ ಸರ್, ಸರ್ ಅಂತಿದ್ದವನು.

ಹೋಗೋರು ಹೋಗಿ. ಆದರೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಎಷ್ಟು ದಿನ ಹಾರಿಸ್ತಾರೆ, ಡ್ಯಾಮೇಜ್ ಆದರೆ ಯಾರು ಕಟ್ಟಬೇಕು ಅಂತ ಬರೆಸಿಕೊಳ್ಳಿ. ಬರೆದುಕೊಡಲ್ಲ ಅಂದ್ರೆ ಎದ್ದು ಬನ್ನಿ.

ಅವರ ಆಫೀಸ್ ಗೋಡೆ ಮೇಲೆ ಇವತ್ತಿಗೂ ನನ್ನ ಫೋಟೋ ಇದೆ, ಹಿಮದಲ್ಲಿ ನಿಂತು ಹಲ್ಲು ಕಿರಿಯುತ್ತಿರೋದು. ತೆಗೀರಿ ಅಂತ ಮೂರು ಸಲ ಮೆಸೇಜ್ ಹಾಕಿದ್ದೇನೆ. ಬ್ಲೂ ಟಿಕ್ ಬಂದಿದೆ, ಅಷ್ಟೇ.